ಪೀಣ್ಯದಲ್ಲಿ ಹೊಸದಾಗಿ ಕಟ್ಟಿಸಿದ ಟಾರ್ಕ್ ಕನ್ವರ್ಟರ್: ಒಂದು ವರ್ಷದ ಬಳಕೆಯ ನಂತರ

ವಾರದ ಐದು ದಿನ ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ತೆವಳುತ್ತ, ಎರಡು ಮೂರು ತಿಂಗಳಿಗೊಮ್ಮೆ ಶ್ರೀಪೆರಂಬದೂರಿನ ಬಳಿಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ಓಡುವ ಒಂದೇ ಕಾರಿಗೆ ಎಂಥ ಟಾರ್ಕ್ ಕನ್ವರ್ಟರ್ (ಆಟೊಮ್ಯಾಟಿಕ್ ಕಾರಿನಲ್ಲಿ ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಹಾಕಿಸಬೇಕು ಎಂಬ ಪ್ರಶ್ನೆಗೆ ನಾನು ಮೊದಲ ಸಲ ತಪ್ಪು ಉತ್ತರವನ್ನೇ ಆರಿಸಿಕೊಂಡಿದ್ದೆ. ನನ್ನದು ಹಳೆಯ ಬಿಎಂಡಬ್ಲ್ಯು 330ಐ. ಟರ್ಬೊ ಇಲ್ಲದ ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, ಝಡ್‌ಎಫ್ ಕಂಪನಿಯ ಆರು ಗೇರಿನ ಆಟೊಮ್ಯಾಟಿಕ್. ಎಕ್ಸಾಸ್ಟ್ ಹೆಡರ್ ಬದಲಾಯಿಸಿ ಟ್ಯೂನಿಂಗ್ ಮಾಡಿಸಿದ ಮೇಲೆ ಬಲವೆಲ್ಲ ಮೇಲಿನ ಆರ್‌ಪಿಎಂಗೆ ಸರಿದುಹೋಗಿ, ನಿಂತಲ್ಲಿಂದ ಹೊರಡುವಾಗ ಕಾರು ಮಂಕಾಗಿತ್ತು. ಆಗ ಹೊರದೇಶದಿಂದ ತರಿಸಿದ್ದು, ಪೆಟ್ಟಿಗೆಯ ಮೇಲೆ '3,200 ಸ್ಟಾಲ್' ಎಂದು ಬರೆದಿದ್ದ, ಅಂದರೆ ಹೊರಡುವಾಗ ಎಂಜಿನ್ನನ್ನು ಅಷ್ಟು ಆರ್‌ಪಿಎಂವರೆಗೆ ಏರಗೊಡುವ ಒಂದು ಕನ್ವರ್ಟರ್.

ಅದನ್ನು ಹಾಕಿಸಿದ ವಾರದಲ್ಲೇ ತಪ್ಪು ತಿಳಿಯಿತು. ಸಿಗ್ನಲ್ ಬಿಟ್ಟೊಡನೆ ಎಂಜಿನ್ ಅರಚುತ್ತಿತ್ತು, ಕಾರು ಮಾತ್ರ ಸಾವಕಾಶವಾಗಿ ಹೊರಡುತ್ತಿತ್ತು. ಒಳಗೆ ಜಾರುವ ಶಕ್ತಿಯೆಲ್ಲ ಎಣ್ಣೆಗೆ ಶಾಖವಾಗಿ ಸೇರುವುದರಿಂದ, ಹೊಸೂರು ರಸ್ತೆಯಲ್ಲಿ ಅರ್ಧ ಗಂಟೆ ತೆವಳುವಷ್ಟರಲ್ಲಿ ಗೇರ್‌ಬಾಕ್ಸ್ ಎಣ್ಣೆಯ ತಾಪ 118 ಡಿಗ್ರಿ ಮುಟ್ಟುತ್ತಿತ್ತು. ಎಂಜಿನ್ ವೇಗಕ್ಕೂ ಟರ್ಬೈನ್ (ಕನ್ವರ್ಟರಿನೊಳಗೆ ಗೇರ್‌ಬಾಕ್ಸನ್ನು ತಿರುಗಿಸುವ ರೆಕ್ಕೆಚಕ್ರ) ವೇಗಕ್ಕೂ ಇಷ್ಟೊಂದು ಅಂತರವನ್ನು ನಿರೀಕ್ಷಿಸದ ಗೇರ್‌ಬಾಕ್ಸ್ ಕಂಪ್ಯೂಟರು ಎರಡು ಸಲ ಎಚ್ಚರಿಕೆ ದೀಪ ಹೊತ್ತಿಸಿ ಗೇರ್ ಬದಲಿಸುವುದನ್ನೇ ನಿಲ್ಲಿಸಿಬಿಟ್ಟಿತು.

ಸ್ಟಾಲ್ ವೇಗವೆಂದರೆ ಟರ್ಬೈನ್ ತಿರುಗದಂತೆ ಹಿಡಿದಿಟ್ಟಾಗ ಎಂಜಿನ್ ಏರಬಲ್ಲ ಗರಿಷ್ಠ ಆರ್‌ಪಿಎಂ. ಅದು ಕನ್ವರ್ಟರಿನ ಸ್ವಂತ ಗುಣವೆಂದು ನಾನು ನಂಬಿದ್ದೆ. ಹಾಗಲ್ಲ, ಎಂಜಿನ್ ಕೊಡುವ ಟಾರ್ಕಿನ ವರ್ಗಮೂಲಕ್ಕೆ ಅನುಗುಣವಾಗಿ ಅದು ಏರುತ್ತದೆ, ಇಳಿಯುತ್ತದೆ. ಆದ್ದರಿಂದ ಯಾವ ಎಂಜಿನ್ನಿಗೆ ಅಳೆದದ್ದು ಎಂದು ಹೇಳದೆ ಬರೆದ ಸಂಖ್ಯೆಗೆ ಬೆಲೆಯಿಲ್ಲ. ನಮ್ಮ ಊರಿನವರಿಗೆ ಇದರಲ್ಲಿ ಇನ್ನೊಂದು ಮಾತಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಸುಮಾರು ಹತ್ತನೇ ಒಂದು ಪಾಲು ಬಲ ಕಳೆದುಕೊಂಡಿರುತ್ತದೆ. ಅದೇ ಕಾರು ಚೆನ್ನೈ ಕಡೆಗೆ ಇಳಿದಾಗ ಟಾರ್ಕ್ ಮರಳಿ ಬಂದು ಸ್ಟಾಲ್ ಶೇಕಡ 5ರಷ್ಟು ಮೇಲೇರುತ್ತದೆ. ಇಲ್ಲಿ ಸ್ವಲ್ಪ ಸಡಿಲ ಅನ್ನಿಸಿದ್ದು ಅಲ್ಲಿ ಇನ್ನಷ್ಟು ಸಡಿಲವಾಗುತ್ತದೆ, ಅದೂ ಬಿಸಿಲು ಹೆಚ್ಚಿರುವ ಕಡೆಯಲ್ಲಿ.

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರೊಬ್ಬರು ತೋರಿಸಿದ ದಾರಿ ಹಿಡಿದು ಪೀಣ್ಯದ ಒಂದು ಸಣ್ಣ ಕಾರ್ಯಾಗಾರಕ್ಕೆ ಹೋದೆ. ಅಲ್ಲಿಯ ಹಿರಿಯ ಮೇಸ್ತ್ರಿಯವರು ಕೇಳಿದ ಮೊದಲ ಪ್ರಶ್ನೆಯೇ ನನಗೆ ಧೈರ್ಯ ತಂದಿತು: "ಡೈನೊ ಹಾಳೆ ತಂದಿದ್ದೀರಾ ಸಾರ್? ಪೆಟ್ಟಿಗೆ ಮೇಲಿನ ನಂಬರ್ ಬಿಡಿ, ಇಂಜಿನ್ ಎಲ್ಲಿಂದ ಎಳೆಯೋಕೆ ಶುರು ಮಾಡುತ್ತೆ ಹೇಳಿ." ಡೈನೊ ಹಾಳೆಯೆಂದರೆ ಎಂಜಿನ್ ಯಾವ ಆರ್‌ಪಿಎಂನಲ್ಲಿ ಎಷ್ಟು ಬಲ ಕೊಡುತ್ತದೆಂದು ಯಂತ್ರದಲ್ಲಿ ಅಳೆದ ದಾಖಲೆ. ಕಾರಿನ ತೂಕ, ಡಿಫರೆನ್ಷಿಯಲ್ ಅನುಪಾತ, ಟೈರಿನ ಅಳತೆ ಎಲ್ಲವನ್ನೂ ಬರೆದುಕೊಂಡು, ಕಾರಿನ ಜೊತೆ ಬಂದಿದ್ದ ಮೂಲ ಕನ್ವರ್ಟರನ್ನೇ ತರಲು ಹೇಳಿದರು. ಲೇತಿನಲ್ಲಿ ಬೆಸುಗೆಯ ಗುಂಟ ಕೊರೆದು ಅದನ್ನು ಎರಡು ಹೋಳು ಮಾಡಿದಾಗ, ಎಂಜಿನ್ನನ್ನೂ ಟರ್ಬೈನನ್ನೂ ಜಾರದಂತೆ ನೇರವಾಗಿ ಬೆಸೆದು ಹಿಡಿಯುವ ಲಾಕಪ್ ಕ್ಲಚ್ಚಿನ ಲೈನಿಂಗ್ ಒಂದು ಕಡೆ ಗಾಜಿನಂತೆ ನುಣುಪಾಗಿ ಕಪ್ಪಿಟ್ಟಿದ್ದನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಹೊರಡುವ ಕ್ಷಣದಲ್ಲಿ ಟಾರ್ಕನ್ನು ಸರಿಸುಮಾರು ಎರಡು ಪಟ್ಟು ಮಾಡಿಕೊಡುವುದು ನಡುವಿನ ಸ್ಟೇಟರ್ ಎಂಬ ರೆಕ್ಕೆಚಕ್ರ. ಅದನ್ನು ಮುಟ್ಟದೆ, ಎಂಜಿನ್ ತಿರುಗಿಸುವ ಚಕ್ರವಾದ ಪಂಪಿನ ರೆಕ್ಕೆಗಳ ಕೋನವನ್ನಷ್ಟೇ ಸ್ವಲ್ಪ ಬಗ್ಗಿಸಿ ಬ್ರೇಜಿಂಗ್ ಮಾಡಿ, ಇನ್ನೂ ಗಟ್ಟಿಯಾದ ಲೈನಿಂಗ್ ಕೂರಿಸಿ, ಮತ್ತೆ ಬೆಸೆದು, ಸೋರಿಕೆ ಪರೀಕ್ಷಿಸಿ ಬ್ಯಾಲೆನ್ಸ್ ಮಾಡಿದರು.

ಇಲ್ಲಿ ಅಳೆದಾಗ ಸ್ಟಾಲ್ 2,600ರ ಆಸುಪಾಸಿನಲ್ಲಿದೆ. ನಿಂತಲ್ಲಿಂದ ನೇರವಾಗಿ ನುಗ್ಗುವ ಡ್ರ್ಯಾಗ್ ರೇಸ್ ಓಡಿಸುವವರಿಗೆ ಇದು ಸಾಲದು, ಅವರ ಅಗತ್ಯವೇ ಬೇರೆ. ಸರ್ಕ್ಯೂಟ್‌ನಲ್ಲಾದರೋ ಎಂಜಿನ್ 4,000ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಅಲ್ಲಿ ಎತ್ತರದ ಸ್ಟಾಲ್‌ಗಿಂತ ಗಟ್ಟಿಯಾಗಿ ಹಿಡಿಯುವ ಲಾಕಪ್ ಹೆಚ್ಚು ಕೆಲಸಕ್ಕೆ ಬರುತ್ತದೆ, ಏಕೆಂದರೆ ಲಾಕಪ್ ಪೂರ್ತಿ ಹಿಡಿದಾಗ ಜಾರುವಿಕೆಯೂ ಇಲ್ಲ, ಅದರಿಂದಾಗುವ ಶಾಖವೂ ಇಲ್ಲ. ನಿಧಾನದ ತಿರುವುಗಳಿಂದ ಹೊರಬರುವಾಗ ಈಗ ಕಾರು ಕಾಲಿಗೆ ಸರಿಯಾಗಿ ಓಗೊಡುತ್ತದೆ, ಊರೊಳಗೆ ಆಕ್ಸಿಲರೇಟರ್ ಮೇಲೆ ಕಾಲಿಟ್ಟಷ್ಟಕ್ಕೇ ಹೊರಡುತ್ತದೆ. ಜೊತೆಯಲ್ಲೇ ಹಾಕಿಸಿದ ಪ್ರತ್ಯೇಕ ಎಣ್ಣೆ ಕೂಲರಿಗೂ ಈ ಹೊಗಳಿಕೆಯಲ್ಲಿ ಅರ್ಧ ಪಾಲು ಸಲ್ಲಬೇಕು: ಮೇ ತಿಂಗಳ ಮಧ್ಯಾಹ್ನ ಎಂಟು ಸುತ್ತು ಓಡಿಸಿದ ಮೇಲೂ ತಾಪ 107 ದಾಟಲಿಲ್ಲ. ಕನ್ವರ್ಟರಿಗೆ 62,000, ಕೂಲರಿಗೆ 24,000 ರೂಪಾಯಿ ಆಯಿತು. ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಮೊದಲು ಕೂಲರ್ ಹಾಕಿಸಿ ಎಂದೇ ಹೇಳುತ್ತೇನೆ.

ಕೂರಿಸುವ ಕೆಲಸವನ್ನು ಹತ್ತಿರ ನಿಂತು ನೋಡಿ. ಮೇಸ್ತ್ರಿಯವರು ಒಂದು ಲೀಟರಿನಷ್ಟು ಎಣ್ಣೆಯನ್ನು ಮೊದಲೇ ಒಳಗೆ ಸುರಿದು, ಕನ್ವರ್ಟರನ್ನು ಕೈಯಲ್ಲೇ ತಿರುಗಿಸುತ್ತ ಗೇರ್‌ಬಾಕ್ಸಿಗೆ ತಳ್ಳಿದರು. ಒಂದೊಂದು ಹಲ್ಲು ಸೇರಿದಾಗಲೂ ಅದು ಸಣ್ಣ ಸದ್ದಿನೊಡನೆ ಒಳಕ್ಕೆ ಕುಸಿಯಿತು. ಕೊನೆಯ ಕುಸಿತಕ್ಕೆ ಕಾಯದೆ ಬೋಲ್ಟ್ ಬಿಗಿದರೆ ಗೇರ್‌ಬಾಕ್ಸಿನ ಎಣ್ಣೆ ಪಂಪು ಒಡೆಯುತ್ತದೆ, ಮತ್ತೆ ಗೇರ್‌ಬಾಕ್ಸನ್ನೇ ಇಳಿಸಬೇಕಾಗುತ್ತದೆ.

ಕೊರತೆಗಳೂ ಇವೆ. ಹತ್ತು ದಿನವೆಂದ ಕೆಲಸ ಇಪ್ಪತ್ತಾರು ದಿನ ಹಿಡಿಯಿತು, ಬ್ಯಾಲೆನ್ಸ್ ಮಾಡಿದ ಅಳತೆಯನ್ನು ಕೇಳಿದರೂ ಬರೆದುಕೊಡಲಿಲ್ಲ. ಮೊದಲ 300 ಕಿಲೋಮೀಟರ್‌ವರೆಗೆ ಲಾಕಪ್ ಹಿಡಿಯುವಾಗ ಸಣ್ಣ ನಡುಕವಿತ್ತು. ಗೇರ್‌ಬಾಕ್ಸ್ ಕಂಪ್ಯೂಟರಿನ ಹಳೆಯ ಕಲಿಕೆಯನ್ನು ಅಳಿಸಿ ಹೊಸದಾಗಿ ಕಲಿಸಿದ ಮೇಲೆಯೇ ಅದು ಹೋದದ್ದು. ಇದನ್ನು ಅವರೇ ಮೊದಲ ದಿನ ಹೇಳಬೇಕಿತ್ತು.

ಐದು ಸಾವಿರ ಕಿಲೋಮೀಟರ್ ಆದಾಗ ಎಣ್ಣೆ ಬದಲಿಸಲು ಪ್ಯಾನ್ ಇಳಿಸಿದೆವು. ಅಯಸ್ಕಾಂತದ ಮೇಲೆ ತೆಳ್ಳನೆಯ ಬೂದುಬಣ್ಣದ ಸವಕಳಿ ಬಿಟ್ಟರೆ ಲೋಹದ ಚೂರು ಒಂದೂ ಇರಲಿಲ್ಲ, ಎಣ್ಣೆಗೆ ಸುಟ್ಟ ವಾಸನೆಯೂ ಬಂದಿರಲಿಲ್ಲ.