ಮುರಕಲ್ಲಿನ ಗೋಡೆಗೆ ಚಾನೆಲ್ ಶೆಲ್ಫ್: ಒಂದು ಮಳೆಗಾಲ ಕಳೆದ ಮೇಲೆ

ಉಡುಪಿಯ ನಮ್ಮ ಮನೆಯ ಓದುವ ಕೋಣೆಗೆ ಕಳೆದ ಏಪ್ರಿಲ್‌ನಲ್ಲಿ ಹಾಕಿಸಿದ ಈ ಶೆಲ್ಫಿನ ಬಗ್ಗೆ ಆಗಲೇ ಬರೆಯಬಹುದಿತ್ತು. ಆದರೆ ಕರಾವಳಿಯಲ್ಲಿ ಕಬ್ಬಿಣವೂ ಹಲಗೆಯೂ ಸೇರಿದ ಯಾವ ವಸ್ತುವಿನ ಯೋಗ್ಯತೆಯೂ ಒಂದು ಮಳೆಗಾಲ ಕಳೆಯದೆ ತಿಳಿಯುವುದಿಲ್ಲವಾದ್ದರಿಂದ ಅಕ್ಟೋಬರ್‌ವರೆಗೆ ಕಾದೆ.

ವಸ್ತು ಸರಳವಾದದ್ದು. ಗೋಡೆಗೆ ನೆಟ್ಟಗೆ ಬಿಗಿಯುವ ಉಕ್ಕಿನ ಪಟ್ಟಿಯನ್ನು ಅಂಗಡಿಯವರು ಚಾನೆಲ್ ಎನ್ನುತ್ತಾರೆ. ಅದರ ಉದ್ದಕ್ಕೂ ಎರಡೆರಡು ಇಂಚಿಗೆ ಒಂದು ಜೋಡಿ ಕಂಡಿಗಳಿರುತ್ತವೆ. ಆ ಕಂಡಿಗೆ ಬ್ರಾಕೆಟ್ಟನ್ನು ಸಿಕ್ಕಿಸಿ ಅದರ ಮೇಲೆ ಹಲಗೆ ಇಟ್ಟರೆ ಶೆಲ್ಫ್ ಸಿದ್ಧ. ಎತ್ತರ ಬದಲಿಸಬೇಕೆನಿಸಿದಾಗ ಬ್ರಾಕೆಟ್ಟನ್ನು ಎತ್ತಿ ಬೇರೆ ಕಂಡಿಗೆ ಸಿಕ್ಕಿಸಿದರಾಯಿತು. ನಾನು ಕೊಂಡ ಸೆಟ್ಟಿನಲ್ಲಿ ಆರಡಿಯ ಮೂರು ಚಾನೆಲ್, ಹತ್ತಿಂಚಿನ ಹದಿನೈದು ಬ್ರಾಕೆಟ್, ಐದಡಿಯ ಐದು ಹಲಗೆ, ಜೊತೆಗೆ ಒಂದು ಪೊಟ್ಟಣದಲ್ಲಿ ತಿರುಪು ಮತ್ತು ಅದು ಹಿಡಿಯಲೆಂದು ಗೋಡೆಯ ತೂತಿಗೆ ತುರುಕುವ ಪ್ಲಗ್ಗುಗಳಿದ್ದವು. ಇವುಗಳಲ್ಲಿ ಚಾನೆಲ್ ಮತ್ತು ಬ್ರಾಕೆಟ್ ಮಾತ್ರ ಕೊಟ್ಟ ದುಡ್ಡಿಗೆ ತಕ್ಕವು. ಉಳಿದದ್ದನ್ನೆಲ್ಲ ನಾನು ಬೇರೆಯಾಗಿ ಕೊಳ್ಳಬೇಕಾಯಿತು.

ಮೊದಲ ತೊಂದರೆ ಗೋಡೆಯದು. ನಮ್ಮದು ಮುರಕಲ್ಲಿನ ಮನೆ. ಈ ಕಲ್ಲು ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ ಎಂಬುದು ನಿಜವಾದರೂ, ಒಳಗೆ ಜೇನುಗೂಡಿನಂತೆ ತೂತುಗಳಿದ್ದು, ಡ್ರಿಲ್ಲಿನ ಬಿಟ್ ಒಮ್ಮೆ ಗಟ್ಟಿಗೆ ತಾಗಿ ಕಿರುಗುಟ್ಟಿದರೆ ಮರುಕ್ಷಣ ಪೊಳ್ಳಿಗೆ ಸಿಕ್ಕಿ ಒಮ್ಮೆಲೇ ಒಳಗೆ ನುಗ್ಗುತ್ತದೆ. ಸೆಟ್ಟಿನ ಪ್ಲಗ್ಗಿನ ಉದ್ದ 30 ಮಿ.ಮೀ.; ಅದರಲ್ಲಿ 12 ಮಿ.ಮೀ. ಸಾರಣೆಯಲ್ಲೇ ಕಳೆದುಹೋದರೆ ಕಲ್ಲಿನಲ್ಲಿ ಉಳಿಯುವುದು ಕೇವಲ 18 ಮಿ.ಮೀ. ಮೊದಲ ಚಾನೆಲ್ಲಿನ ಮೇಲಿನ ತಿರುಪು ಬಿಗಿಯುತ್ತಿದ್ದಂತೆ ಪ್ಲಗ್ಗೇ ತಿರುಗತೊಡಗಿತು, ಬೆರಳಲ್ಲಿ ಎಳೆದರೆ ಕೆಂಪು ಹುಡಿಯೊಂದಿಗೆ ಹೊರಗೆ ಬಂತು. ನೋಡಲು ಕರೆದಿದ್ದ ಆಚಾರಿಯವರು ಅದನ್ನು ಅಂಗೈಯಲ್ಲಿಟ್ಟು, “ಇದು ಕಾಂಕ್ರೀಟಿಗೆ ಮಾಡಿದ್ದು ಮಾರಾಯ್ರೇ, ಮುರಕಲ್ಲಿಗೆ ಅಲ್ಲ” ಎಂದರು.

ಇಲ್ಲಿ ಉದಾಸೀನ ಮಾಡುವಂತಿಲ್ಲ. ಒಂದು ಮೀಟರ್ ಉದ್ದದ ಪುಸ್ತಕದ ಸಾಲು ಹೆಚ್ಚುಕಡಿಮೆ 25 ಕಿಲೋ ತೂಗುತ್ತದೆ. ಐದಡಿಯ ಹಲಗೆ ತುಂಬಿದರೆ ಸುಮಾರು 40 ಕಿಲೋ. ಆ ಭಾರ ಬ್ರಾಕೆಟ್ಟಿನ ಮೂತಿಯನ್ನು ಕೆಳಕ್ಕೆ ಜಗ್ಗಿದಾಗ ಚಾನೆಲ್ಲಿನ ಕೆಳಭಾಗ ಗೋಡೆಗೆ ಒತ್ತಿಕೊಳ್ಳುತ್ತದೆ, ಮೇಲ್ಭಾಗ ಗೋಡೆಯಿಂದ ಕಿತ್ತು ಬರಲು ನೋಡುತ್ತದೆ. ಹಾಗಾಗಿ ತೀರಾ ಮೇಲಿನ ತಿರುಪು ಹಿಡಿದಿದ್ದರೆ ಶೆಲ್ಫ್ ಉಳಿಯುತ್ತದೆ. ಆಚಾರಿಯವರು 10 ಮಿ.ಮೀ. ಬಿಟ್ಟಿನಿಂದ ನಾಲ್ಕಿಂಚು ಆಳಕ್ಕೆ ಕೊರೆದು, ಸೈಕಲ್ ಪಂಪಿನಿಂದ ಹುಡಿ ಊದಿ ತೆಗೆದು, ತೂತಿಗೆ ನೀರು ಹನಿಸಿ, ಸಿಮೆಂಟಿನ ಗಟ್ಟಿ ನೀರು ತುಂಬಿ, ಉದ್ದದ ನೈಲಾನ್ ಪ್ಲಗ್ ಒತ್ತಿಟ್ಟು, ಎರಡು ದಿನ ಯಾರೂ ಮುಟ್ಟಬಾರದೆಂದು ಹೇಳಿ ಹೋದರು. ಬೆಂಗಳೂರಿನ ಸಾಲಿಡ್ ಬ್ಲಾಕಿನ ಗೋಡೆಗೆ ಇಷ್ಟೆಲ್ಲ ಬೇಕಾಗದು.

ಎರಡನೆಯದು ಮಟ್ಟ. ಮೂರೂ ಚಾನೆಲ್ಲಿನ ಮೇಲ್ತುದಿಯನ್ನು ಒಂದೇ ಗೆರೆಗೆ ತಂದು ಗುರುತು ಹಾಕಿದ್ದೆವು. ಹಲಗೆ ಇಟ್ಟು ರಸಮಟ್ಟ ಇರಿಸಿದಾಗ ಗುಳ್ಳೆ ಎಡಕ್ಕೆ ಸರಿಯಿತು. ಅಳೆದು ನೋಡಿದರೆ ಒಂದು ಚಾನೆಲ್ಲಿನಲ್ಲಿ ತುದಿಯಿಂದ ಮೊದಲ ಕಂಡಿಗೆ ಇರುವ ದೂರ ಉಳಿದೆರಡಕ್ಕಿಂತ 3 ಮಿ.ಮೀ. ಹೆಚ್ಚಿತ್ತು. ಕೊಟ್ಟ ಚೀಟಿಯಲ್ಲಿ ಇದರ ಸುಳಿವೇ ಇಲ್ಲ. ಮೊದಲ ಚಾನೆಲ್ಲನ್ನು ಮೇಲಿನ ಒಂದೇ ತಿರುಪಿನಿಂದ ತೂಗುಬಿಟ್ಟು ನೆಟ್ಟಗೆ ನಿಲ್ಲಿಸಿ, ಉಳಿದವನ್ನು ಬ್ರಾಕೆಟ್ ಸಿಕ್ಕಿಸಿ ಹಲಗೆ ಇಟ್ಟು, ಹಲಗೆಯ ಮೇಲಿನ ರಸಮಟ್ಟ ನೋಡಿಕೊಂಡೇ ಗುರುತು ಮಾಡುವುದು ಸರಿಯಾದ ಕ್ರಮ. ತುದಿಗಳು ಹೆಚ್ಚುಕಡಿಮೆಯಾದರೆ ಆಗಲಿ, ಕಂಡಿಗಳು ಸಮವಾದರೆ ಸಾಕು.

ಚಾನೆಲ್ಲುಗಳ ನಡುವೆ 28 ಇಂಚು ಬಿಡಬಹುದೆಂದು ಅದೇ ಚೀಟಿ ಹೇಳುತ್ತದೆ. ನಾವು 24 ಬಿಟ್ಟೆವು. ಸಮನಾಗಿ ಹರಡಿದ ಭಾರಕ್ಕೆ ಹಲಗೆ ಬಾಗುವ ಪ್ರಮಾಣ ಅಂತರದ ನಾಲ್ಕನೇ ಘಾತದಂತೆ ಏರುವುದರಿಂದ, ಈ ನಾಲ್ಕಿಂಚಿಗೇ ಬಾಗು ಸುಮಾರು ಇಮ್ಮಡಿಯಾಗುತ್ತದೆ.

ಸೆಟ್ಟಿನ ಹಲಗೆಗಳ ವಿಷಯವನ್ನು ಎಳೆಯುವುದು ಬೇಡ: ಬಿಳಿ ಹಾಳೆ ಅಂಟಿಸಿದ ಪಾರ್ಟಿಕಲ್ ಬೋರ್ಡು ಜುಲೈ ಮುಗಿಯುವ ಮೊದಲೇ ಅಂಚುಗಳಲ್ಲಿ ನೀರಿಗದ್ದಿದ ರಸ್ಕಿನಂತೆ ಉಬ್ಬಿತು. ಅವುಗಳ ಬದಲಿಗೆ ಐಎಸ್ 710 ಗುರುತಿನ, ಎಂದರೆ ನೀರು ತಡೆಯುವ ಮರೈನ್ ದರ್ಜೆಯ, 18 ಮಿ.ಮೀ. ಪ್ಲೈವುಡ್ ಕೊಯ್ಸಿ, ನಾಲ್ಕೂ ಅಂಚಿಗೆ ಬಣ್ಣ ಬಳಿಸಿ ಹಾಕಿದ್ದೇನೆ; ಅವಕ್ಕೆ ಈವರೆಗೆ ಏನೂ ಆಗಿಲ್ಲ. ಚಾನೆಲ್ಲಿನ ಪೌಡರ್ ಕೋಟಿಂಗ್ ಒಳ್ಳೆಯದಿದೆ. ಆದರೆ ಬ್ರಾಕೆಟ್ಟಿನ ಕೊಕ್ಕೆ ಉಜ್ಜಿ ಬಣ್ಣ ಎದ್ದ ಕಂಡಿಗಳಲ್ಲಿ ಆಗಸ್ಟಿಗೆ ತುಕ್ಕು ಕಾಣಿಸಿತು. ಮಗಳ ಬಿಳಿ ಉಗುರುಬಣ್ಣ ಅಲ್ಲಿಗೆ ಬಳಕೆಯಾಯಿತು. ಅವಳಿಗೆ ಇನ್ನೂ ತಿಳಿಸಿಲ್ಲ.

ಮೆಚ್ಚಬೇಕಾದದ್ದನ್ನೂ ಹೇಳಬೇಕು. ಹಳೆಯ ಮರದ ಕಪಾಟಿನಲ್ಲಿ ಪ್ರತಿ ವರ್ಷ ಪುಸ್ತಕಗಳ ರಟ್ಟಿಗೆ ಬೂಷ್ಟು ಹಿಡಿಯುತ್ತಿತ್ತು. ಈ ಶೆಲ್ಫಿಗೆ ಬೆನ್ನಹಲಗೆಯಿಲ್ಲ, ಗೋಡೆಗೂ ಹಲಗೆಗೂ ನಡುವೆ ಚಾನೆಲ್ಲಿನ ದಪ್ಪದಷ್ಟು ಸಂದು ಇದೆ. ಪುಸ್ತಕಗಳನ್ನು ಇನ್ನೂ ಒಂದಿಂಚು ಮುಂದೆ ತಂದಿಟ್ಟ ಮೇಲೆ ಫ್ಯಾನಿನ ಗಾಳಿ ಹಿಂದಕ್ಕೂ ಆಡಿ, ಈ ಸಲ ಎರಡೇ ಎರಡು ಪುಸ್ತಕಗಳಿಗೆ ಬೂಷ್ಟು ಬಂತು. ಜೂನ್‌ನಲ್ಲಿ ಕೆಳಗಿನ ಹಲಗೆಯನ್ನು ನೆಲದ ಥಂಡಿಯಿಂದ ಎರಡು ಕಂಡಿ ಮೇಲಕ್ಕೆ ಏರಿಸಿದೆ. ಪುಸ್ತಕ ಇಳಿಸಿ ಮತ್ತೆ ಜೋಡಿಸುವುದೂ ಸೇರಿ ಇಪ್ಪತ್ತು ನಿಮಿಷದ ಕೆಲಸ, ತಿರುಪುಳಿ ಮುಟ್ಟಬೇಕಾಗಲಿಲ್ಲ.

ಈ ಸೆಟ್ಟನ್ನು ಯಾರಾದರೂ ಕೊಳ್ಳುವುದಿದ್ದರೆ ಹಲಗೆ ಬಿಟ್ಟು ಬರೀ ಚಾನೆಲ್, ಬ್ರಾಕೆಟ್ ಕೊಡುತ್ತಾರೆಯೇ ಎಂದು ಮೊದಲು ಕೇಳಿ. ಬ್ರಾಕೆಟ್ ಮಾತ್ರ ಮೂರು ಹೆಚ್ಚಿಗೆ ತನ್ನಿ. ಆರನೆಯ ಹಲಗೆ ಹಾಕೋಣವೆಂದು ಸೆಪ್ಟೆಂಬರ್‌ನಲ್ಲಿ ಅದೇ ಅಂಗಡಿಗೆ ಹೋದಾಗ ಬೇರೆ ತಯಾರಿಕೆಯ ಬ್ರಾಕೆಟ್ ಬಂದಿತ್ತು. ನೋಡಲು ತದ್ವತ್ ಹಾಗೇ ಇದ್ದರೂ ಅದರ ಕೊಕ್ಕೆ ನಮ್ಮ ಕಂಡಿಯೊಳಗೆ ಇಳಿಯಲಿಲ್ಲ.