ಹೇಜಲ್‌ನಟ್ ಬೀಜ ಹಾಕೋ ಮುಂಚೆ ಕಬ್ಬಿಣದ ಜಾಲರಿ ತಂದಿಟ್ಟುಕೊಳ್ಳಿ

ವಿಸ್ಕಾನ್ಸಿನ್, ಮಿನ್ನೆಸೋಟ ಕಡೆ ಮನೆ ಹಿಂದೆ ಚೂರು ಜಾಗ ಇರುವ ಕನ್ನಡದವರು ಇದನ್ನು ಓದಿ. ಇಲ್ಲಿನ ಕಾಡು ಹೇಜಲ್‌ನಟ್ ಪೊದೆಯನ್ನು ಬೀಜದಿಂದ ಬೆಳೆಸಲು ಹೋಗಿ ನಾನು ಎರಡು ವರ್ಷ ಕೈ ಸುಟ್ಟುಕೊಂಡೆ.

ಮೊದಲ ಸಲ ಆನ್‌ಲೈನ್‌ನಲ್ಲಿ ‘ಅಮೆರಿಕನ್ ಹೇಜಲ್‌ನಟ್ ಬೀಜ’ ಅಂತ ತರಿಸಿದೆ. ಬಂದದ್ದು ದಪ್ಪ ದಪ್ಪ, ನುಣುಪಾದ ಕಾಯಿ. ಅಲ್ಲಾಡಿಸಿದರೆ ಗಲಗಲ ಅನ್ನುತ್ತಿತ್ತು. ಇಲ್ಲಿನ ಕಾಡುಕಾಯಿ ಕಾಬೂಲಿ ಕಡಲೆಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಅಂದರೆ ಬಂದದ್ದು ಅದಲ್ಲ. ಗಲಗಲ ಅಂದರೆ ತಿರುಳು ಒಣಗಿದೆ ಅಂತ ಆಗ ನನಗೆ ಹೊಳೆಯಲೇ ಇಲ್ಲ. ಮೇ ತಿಂಗಳಲ್ಲಿ ಹಾಗೇ ಹೂತೆ. ಜುಲೈನಲ್ಲಿ ಕೆದಕಿ ನೋಡಿದರೆ ಬರೀ ಬೂಷ್ಟು.

ಮುಂದಿನ ವರ್ಷ ಸ್ನೇಹಿತರ ಹೊಲದ ಬೇಲಿಯಿಂದ ನಾನೇ ಕಿತ್ತು ತಂದೆ. ನೀರಿಗೆ ಹಾಕಿ ತೇಲಿದ್ದನ್ನೆಲ್ಲ ಎಸೆದೆ. ಮೊಳೆಯೋಕೆ ಇದಕ್ಕೆ ಮೂರು ನಾಲ್ಕು ತಿಂಗಳು ತೇವ, ಚಳಿ ಎರಡೂ ಬೇಕು. ಹಾಗಾಗಿ ಒದ್ದೆ ಮರಳಲ್ಲಿ ಕಲೆಸಿ ಫ್ರಿಜ್‌ನಲ್ಲಿ ದೋಸೆ ಹಿಟ್ಟಿನ ಡಬ್ಬಿ ಪಕ್ಕ ಇಟ್ಟೆ (ಮನೆಯಲ್ಲಿ ಬೈಸಿಕೊಂಡೆ, ಅದು ಬೇರೆ ಕಥೆ). ಏಪ್ರಿಲ್‌ಗೆ ಓಡು ಬಿರಿದು ಬಿಳಿ ಬೇರು ಇಣುಕಿತ್ತು. ಪಾತಿಗೆ ಹಾಕಿ, ಮೇಲೆ ಹಕ್ಕಿಗೆ ಕಟ್ಟುವ ಪ್ಲಾಸ್ಟಿಕ್ ಬಲೆ ಹೊದಿಸಿದೆ. 22 ಸಸಿ ಎದ್ದವು! ಎಲೆ ಬಂತಲ್ಲ, ಇನ್ನೇನು ಭಯ ಅಂದುಕೊಂಡೆ.

ಒಂದು ಬೆಳಿಗ್ಗೆ ನೋಡಿದರೆ ಬಲೆಯಲ್ಲಿ ಅಂಗೈ ಅಗಲದ ತೂತು. 19 ಸಸಿ ಮಣ್ಣಿನ ಮೇಲೆ ಅಡ್ಡಡ್ಡ ಮಲಗಿದ್ದವು. ಎಲೆ ಹಾಗೇ ಇದೆ, ಬೇರೂ ಇದೆ. ನಡುವೆ ಅಂಟಿಕೊಂಡಿದ್ದ ಕಾಯಿ ಮಾತ್ರ ಇಲ್ಲ.

ಹುರುಳಿಕಾಯಿ ಸಸಿ ಬೇಳೆಯನ್ನು ತಲೆ ಮೇಲೆ ಹೊತ್ತು ಬರುತ್ತದೆ ಅಲ್ವಾ? ಹೇಜಲ್ ಹಾಗಲ್ಲ. ಬಟಾಣಿ ಥರ ಬೇಳೆಯನ್ನು ಮಣ್ಣೊಳಗೇ ಬಿಟ್ಟು ಚಿಗುರನ್ನಷ್ಟೇ ಮೇಲೆ ಕಳಿಸುತ್ತದೆ. ಅಳಿಲು, ಚಿಪ್‌ಮಂಕ್‌ಗಳಿಗೆ (ಬೆನ್ನ ಮೇಲೆ ಪಟ್ಟೆ ಇರುವ, ಅಳಿಲಿನ ಜಾತಿಯ ಪುಟ್ಟ ಪ್ರಾಣಿ) ಆ ಚಿಗುರೇ ಹಿಡಿಕೆ. ಹಿಡಿದು ಎಳೆದರೆ ಊಟ ಕೈಗೆ! ಮೊಳೆಯುವ ತನಕ ಅವು ಮಣ್ಣು ಕೆದಕಿ ಹುಡುಕಬೇಕು, ಮೊಳೆತ ಮೇಲೆ ನಾವೇ ಗುರುತು ಹಾಕಿ ಕೊಟ್ಟ ಹಾಗೆ.

ಪ್ಲಾಸ್ಟಿಕ್ ಬಲೆ ಸುಮ್ನೆ ದಂಡ. ಹಾರ್ಡ್‌ವೇರ್ ಕ್ಲಾತ್ ಅಂತ ಅಂಗಡಿಯಲ್ಲಿ ಸಿಗುವ ಅರ್ಧ ಇಂಚು ಕಣ್ಣಿನ ಕಬ್ಬಿಣದ ಜಾಲರಿಯನ್ನೇ ತನ್ನಿ. ಪೆಟ್ಟಿಗೆ ಥರ ಮಡಿಸಿ, ಅಂಚನ್ನು ಮಣ್ಣಿಗೆ ಇಳಿಸಿ. ಮೊದಲ ಬೇಸಿಗೆ ಪೂರ್ತಿ ತೆಗೆಯಬೇಡಿ. ಸಸಿ ಜಾಸ್ತಿ ಹಾಕಿ. ಒಂಟಿ ಪೊದೆ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಜೊತೆಗೆ ಇನ್ನೊಂದು ಬೇಕೇ ಬೇಕು.

ಉಳಿದ ಮೂರರಲ್ಲಿ ಒಂದರ ಮೇಲೆ ನಾನೇ ಹುಲ್ಲು ಕತ್ತರಿಸುವ ಯಂತ್ರ ಓಡಿಸಿದೆ. ಇನ್ನೆರಡು ಜಾಲರಿ ಒಳಗಿವೆ. ಒಂದು ಚಿಪ್‌ಮಂಕ್ ದಿನಾ ಬೆಳಿಗ್ಗೆ ಬಂದು ಅದರ ಮೇಲೆ ಕೂತು ಕೆಳಗೆ ನೋಡುತ್ತದೆ.