ಪಿಬಿಎಸ್ ಬಫರ್ ಮಾತ್ರೆ: ಪಿಎಚ್ ನಂಬಬಹುದು, ತಾಳಿಕೆ ಅಷ್ಟಕ್ಕಷ್ಟೇ

ಜೀವರಸಾಯನ ಪ್ರಯೋಗಾಲಯದಲ್ಲಿ ದಿನಾ ಬೇಕಾಗುವ ಫಾಸ್ಫೇಟ್ ಬಫರ್ಡ್ ಸಲೈನ್, ಅಂದರೆ ಪಿಬಿಎಸ್, ಮಾತ್ರೆಯ ರೂಪದಲ್ಲೂ ಸಿಗುತ್ತದೆ. ಇಲ್ಲಿ ನೋಡುತ್ತಿರುವುದು 200 ಮಿ.ಲೀ. ಅಳತೆಯ ಮಾತ್ರೆ. ಕರಗಿದ ಮೇಲೆ 10 ಮಿಲಿಮೋಲಾರ್ ಫಾಸ್ಫೇಟ್, 137 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 2.7 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್. 25 ಡಿಗ್ರಿಯಲ್ಲಿ ಪಿಎಚ್ 7.4. ಜೀವಕೋಶ ತೊಳೆಯಲು, ಪ್ರತಿಕಾಯವನ್ನು ತೆಳುಮಾಡಲು ಇದು ಒಳ್ಳೆಯ ಸರಕು. ಆದರೆ ಹೆಸರಿನಲ್ಲಿ ಬಫರ್ ಇದೆಯೆಂದು ಏನು ಸುರಿದರೂ ತಡೆದುಕೊಳ್ಳುತ್ತದೆ ಎಂದುಕೊಂಡರೆ ಪ್ರಯೋಗ ಕೆಡುತ್ತದೆ.

ಬಫರ್ ಮಾಡುವ ಕೆಲಸ ಇಷ್ಟು: ದುರ್ಬಲ ಆಮ್ಲ ಮತ್ತು ಅದರ ಜೋಡಿ ಪ್ರತ್ಯಾಮ್ಲ ಎರಡೂ ಒಟ್ಟಿಗಿರುವುದರಿಂದ, ಹೊರಗಿನಿಂದ ಆಮ್ಲ ಬಂದರೆ ಪ್ರತ್ಯಾಮ್ಲ ಹಿಡಿದುಕೊಳ್ಳುತ್ತದೆ, ಕ್ಷಾರ ಬಂದರೆ ದುರ್ಬಲ ಆಮ್ಲ. ಪಿಎಚ್ ಎಷ್ಟಿರುತ್ತದೆ ಎಂಬುದನ್ನು ಎರಡರ ಅನುಪಾತ ನಿರ್ಧರಿಸುತ್ತದೆ; ಎಷ್ಟು ತಾಳುತ್ತದೆ ಎಂಬುದು ಅವುಗಳ ಒಟ್ಟು ಪ್ರಮಾಣದ ಮೇಲೆ ನಿಂತಿದೆ. ಪಿಬಿಎಸ್‌ನಲ್ಲಿರುವಷ್ಟು ಉಪ್ಪಿನಲ್ಲಿ ಫಾಸ್ಫೇಟಿನ ಪಿಕೆಎ, ಅಂದರೆ ಎರಡೂ ರೂಪಗಳು ಸಮಸಮವಾಗಿರುವ ಪಿಎಚ್, ಸುಮಾರು 6.8. ಹಾಗಾಗಿ ಪಿಎಚ್ 7.4ರಲ್ಲಿ 10 ಮಿಲಿಮೋಲಾರ್ ಪೈಕಿ 8ರಷ್ಟು ಪ್ರತ್ಯಾಮ್ಲದ ರೂಪದಲ್ಲಿ, 2ರಷ್ಟು ಮಾತ್ರ ಆಮ್ಲದ ರೂಪದಲ್ಲಿ ಇರುತ್ತದೆ.

ಈ 8 ಮತ್ತು 2 ನೆನಪಿಟ್ಟುಕೊಳ್ಳಬೇಕಾದ ಅಂಕಿ. ಒಂದು ಲೀಟರ್ ಪಿಬಿಎಸ್‌ಗೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 1 ಮಿ.ಲೀ. ಹಾಕಿದರೆ ಅನುಪಾತ 7:3 ಆಗಿ ಪಿಎಚ್ ಸುಮಾರು 0.23 ಇಳಿಯುತ್ತದೆ. ಬರೀ ನೀರಾಗಿದ್ದರೆ ಪಿಎಚ್ 3ಕ್ಕೇ ಬರುತ್ತಿತ್ತು, ಆ ಮಟ್ಟಿಗೆ ಮೆಚ್ಚಬೇಕು. ಅಷ್ಟೇ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ 9:1 ಆಗಿ 0.35 ಏರುತ್ತದೆ. ಇನ್ನೊಂದು ಮಿ.ಲೀ. ಹಾಕಿದಿರೋ, ಆಮ್ಲದ ಪಾಲು ಖಾಲಿ. ಅಲ್ಲಿಂದ ಮುಂದೆ ಪಿಎಚ್ ಜಿಗಿಯುತ್ತದೆ. ಕ್ಷಾರೀಯ ಔಷಧದ ಸ್ಟಾಕ್ (ಸಾಂದ್ರ ದ್ರಾವಣ) ಆಗಲಿ, ಆಮ್ಲದಲ್ಲಿ ಕರಗಿಸಿದ ಪೆಪ್ಟೈಡ್ ಆಗಲಿ ಬೆರೆಸಿದ ಮೇಲೆ ಪಿಎಚ್ ನೋಡದೆ ಮುಂದುವರಿಯಬೇಡಿ. ಹೆಚ್ಚು ತಾಳಿಕೆ ಬೇಕಿದ್ದರೆ 50 ಮಿಲಿಮೋಲಾರ್ ಫಾಸ್ಫೇಟನ್ನೋ ಹೆಪಿಸ್ ಎಂಬ ಇನ್ನೊಂದು ಬಫರನ್ನೋ ಬೇರೆಯಾಗಿಯೇ ಮಾಡಿಕೊಳ್ಳಬೇಕು. ಒಂದರ ಬದಲು ಎರಡು ಮಾತ್ರೆ ಹಾಕುವುದು ಉಪಾಯವಲ್ಲ, ಉಪ್ಪೂ ಎರಡರಷ್ಟಾಗಿ ಕೋಶಗಳು ಮುದುಡುತ್ತವೆ.

ತಯಾರಿಸುವುದು ಸುಲಭ. ಬೀಕರಿನಲ್ಲಿ 180 ಮಿ.ಲೀ. ಶುದ್ಧ ನೀರು, ಅದಕ್ಕೆ ಮಾತ್ರೆ, ಸ್ಟಿರ್ರರ್ ಮೇಲೆ ಪೂರ್ತಿ ಕರಗುವ ತನಕ ತಿರುಗಲಿ. ಆಮೇಲೆ ಸಿಲಿಂಡರಿಗೆ ಸುರಿದು 200ಕ್ಕೆ ತುಂಬಿಸಿ. ತಳದಲ್ಲಿ ಚೂರು ಉಳಿದಿರುವಾಗಲೇ ಮೇಲಿನದನ್ನು ಬಗ್ಗಿಸಿಕೊಳ್ಳುವುದೇ ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಪಿಎಚ್ 7.3ರಿಂದ 7.5ರೊಳಗೆ ಇಲ್ಲದಿದ್ದರೆ ಆಮ್ಲ ಕ್ಷಾರ ಹಾಕಿ ಸರಿಪಡಿಸಲು ಹೋಗಬೇಡಿ. ಮೀಟರಿನ ಕ್ಯಾಲಿಬ್ರೇಷನ್, ನೀರು, ಅಳತೆ ನೋಡಿ. ಕಾರಣ ಸಿಗದಿದ್ದರೆ ಚೆಲ್ಲಿ ಹೊಸದು ಮಾಡಿ. ಅರ್ಧ ಮಾತ್ರೆ ಮುರಿದು ಬಳಸುವುದೂ ಬೇಡ. ಕ್ರಿಮಿಶುದ್ಧಿಗೆ 121 ಡಿಗ್ರಿಯಲ್ಲಿ 15–20 ನಿಮಿಷ ಆಟೋಕ್ಲೇವ್ (ಒತ್ತಡದ ಹಬೆಯ ಯಂತ್ರ), ಬಾಟಲಿಯ ಮುಚ್ಚಳ ಸಡಿಲ.

ತೂಗಿ ಮಾಡುವುದಕ್ಕಿಂತ ಮಾತ್ರೆ ಮೇಲು ಎನ್ನಿಸುವುದು ಒಂದೇ ಕಾರಣಕ್ಕೆ, ಆದರೆ ಅದು ದೊಡ್ಡ ಕಾರಣ. ಲೀಟರಿಗೆ 1.44 ಗ್ರಾಂ ಡೈಸೋಡಿಯಂ ಫಾಸ್ಫೇಟ್ (ಫಾಸ್ಫೇಟಿನ ಪ್ರತ್ಯಾಮ್ಲ ರೂಪ) ಎಂಬ ಲೆಕ್ಕ ನೀರಿಲ್ಲದ ಲವಣಕ್ಕೆ. ಕಪಾಟಿನಲ್ಲಿರುವುದು ಹನ್ನೆರಡು ನೀರಿನ ಅಣು ಹೊತ್ತ ಲವಣವಾಗಿದ್ದರೆ 3.63 ಗ್ರಾಂ ಬೇಕು. ಲೇಬಲ್ ನೋಡದೆ 1.44 ಹಾಕಿದರೆ ಈ ಲವಣ 10ರ ಬದಲು 4 ಮಿಲಿಮೋಲಾರ್ ಮಾತ್ರ ಸಿಗುತ್ತದೆ, ಪಿಎಚ್ 7ರ ಆಸುಪಾಸಿಗೆ ಇಳಿಯುತ್ತದೆ. ಮಾತ್ರೆಯಲ್ಲಿ ಈ ಎಡವಟ್ಟಿಗೆ ಜಾಗವೇ ಇಲ್ಲ. ದಿನಕ್ಕೆ ಹತ್ತಾರು ಲೀಟರ್ ಬೇಕಾದವರು ಮಾತ್ರ ಹತ್ತು ಪಟ್ಟು ಸಾಂದ್ರ ಸ್ಟಾಕ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಅದರ ಪಿಎಚ್ 6.8ರ ಹತ್ತಿರ ತೋರಿಸಿದರೆ ಗಾಬರಿ ಬೇಡ, ತೆಳುಮಾಡಿದಾಗ 7.4ಕ್ಕೆ ಬರುತ್ತದೆ.

ಕೆಲವು ಕಡೆ ಫಾಸ್ಫೇಟೇ ತೊಡಕು. ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ಬಳಸಿ ಪ್ರೋಟೀನ್ ಪತ್ತೆಹಚ್ಚುವ ಎಲಿಸಾ ಅಥವಾ ಬ್ಲಾಟ್‌ನಲ್ಲಿ ಅದು ಕಿಣ್ವವನ್ನೇ ತಡೆಯುತ್ತದೆ, ಅಲ್ಲಿ ಫಾಸ್ಫೇಟಿಲ್ಲದ ಟ್ರಿಸ್ ಸಲೈನ್ ಬಳಸಿ. ಕ್ಯಾಲ್ಸಿಯಂ ಸೇರಿಸಿದರೆ ಬಿಳಿ ಗಷ್ಟು ಕಟ್ಟಬಹುದು. ಸೇರಿಸಲೇಬೇಕಿದ್ದರೆ ಆಟೋಕ್ಲೇವ್ ಆಗಿ ತಣಿದ ಮೇಲೆ, ಕಲಕುತ್ತಾ ಹನಿಹನಿಯಾಗಿ. ಪ್ರೋಟೀನನ್ನು ಪಿಬಿಎಸ್‌ನಲ್ಲಿ ಹೆಪ್ಪುಗಟ್ಟಿಸುವುದೂ ಅಪಾಯದ ಕೆಲಸ. ಡೈಸೋಡಿಯಂ ಫಾಸ್ಫೇಟ್ ಮೊದಲು ಹರಳಾಗಿ ಹೊರಬಿದ್ದು, ಉಳಿದ ದ್ರವದ ಪಿಎಚ್ 4–5ರವರೆಗೂ ಕುಸಿಯಬಲ್ಲದು. ಆಮ್ಲಕ್ಕೆ ಹೆದರುವ ಪ್ರೋಟೀನಾದರೆ ಮೊದಲೇ ಹೆಪಿಸ್ ಅಥವಾ ಹಿಸ್ಟಿಡಿನ್ ಬಫರಿಗೆ ಡಯಾಲಿಸಿಸ್ ಮಾಡಿ (ಪೊರೆಯ ಮೂಲಕ ಬಫರ್ ಬದಲಿಸಿ), ಸಣ್ಣ ಸಣ್ಣ ಪಾಲಾಗಿಸಿ ದ್ರವ ಸಾರಜನಕದಲ್ಲಿ ಥಟ್ಟನೆ ಹೆಪ್ಪುಗಟ್ಟಿಸಿ.